ಅತ್ತೆಯ ಮಡಿಲಿನ ಕೆಸರು

ಮನೆ ಬದಲಾಯಿಸುವಾಗ ಒಗೆಯದ ಬಟ್ಟೆಯನ್ನು ಹೊಸ ಮನೆಗೆ ಒಯ್ಯಬಾರದು ಅನ್ನುವುದು ನನ್ನದೇ ಒಂದು ಶಾಸ್ತ್ರ. ಯಾವ ಪಂಚಾಂಗದಲ್ಲೂ ಹುಡುಕಬೇಡಿ, ಸಿಗುವುದಿಲ್ಲ. ಗೈದರ್ಸ್‌ಬರ್ಗಿನ ಮನೆ ಬಿಟ್ಟು ಆಶ್‌ಬರ್ನಿನ ಟೌನ್‌ಹೌಸಿಗೆ ಹೋಗುವುದು ಅಂತ ಗಟ್ಟಿಯಾದ ದಿನದಿಂದ ನಮ್ಮ ವಾಷಿಂಗ್ ಮಷೀನಿಗೆ ಪುರುಸೊತ್ತಿರಲಿಲ್ಲ. ಪರದೆ, ಹೊದಿಕೆ, ಯಾರೋ ಮದುವೆಯಲ್ಲಿ ಕೊಟ್ಟು ಯಾರೂ ಉಡದೇ ಇದ್ದ ಪಂಚೆಗಳು, ಎಲ್ಲ ಒಂದು ಸುತ್ತು ತಿರುಗಿ ಬಂದವು. ನಮ್ಮನೆಯವರು ಬಾಗಿಲಲ್ಲಿ ನಿಂತು, ನನ್ನನ್ನೂ ಒಳಗೆ ಹಾಕಿಬಿಡು ಅಂದರು. ನೀರು ತಾಗಿದರೆ ನೀವು ಇನ್ನೂ ಕುಗ್ಗುತ್ತೀರಿ, ಬೇಡ ಅಂದೆ.

ಮೇಲಿನ ಸಣ್ಣ ಕೋಣೆಯ ಕಪಾಟಿನಲ್ಲಿ, ಹಿಂದೆ ಗೋಡೆಗೆ ಒತ್ತಿಕೊಂಡಂತೆ ಒಂದು ಪ್ಲಾಸ್ಟಿಕ್ ಕವರು ಸಿಕ್ಕಿತು. ಒಳಗೆ ಮಡಿಸಿಟ್ಟ ಒಂದು ನೂಲಿನ ಸೀರೆ. ನೋಡದೆಯೇ ಮಷೀನಿಗೆ ಹಾಕಿ, ಸೋಪು ಸುರಿದು, ಮುಚ್ಚಳಕ್ಕೆ ಕೈ ಹಾಕಿದ್ದೆ. ಆಗ ವಾಸನೆ ಬಂತು. ಉಪ್ಪು, ಕೊಳೆತ ಹುಲ್ಲು, ಹಸಿ ಕೆಸರು ಮೂರೂ ಬೆರೆತ ಒಂದು ಘಾಟು. ಇಷ್ಟು ವರ್ಷವಾದ ಮೇಲೆ ವಾಸನೆ ಎಲ್ಲಿ ಉಳಿದಿರುತ್ತದೆ ಅಂತ ನೀವು ಕೇಳಬಹುದು. ಸೀರೆಯಲ್ಲಿತ್ತೋ ನನ್ನ ಮೂಗಿನಲ್ಲೇ ಉಳಿದಿತ್ತೋ, ನನಗೂ ಗೊತ್ತಿಲ್ಲ. ಮುಚ್ಚಳ ಎತ್ತಿ ಸೀರೆ ಹೊರಗೆ ತೆಗೆದು ನೆಲದ ಮೇಲೆ ಕೂತುಬಿಟ್ಟೆ. ನೆರಿಗೆಯ ಹತ್ತಿರ ಅಗಲವಾಗಿ, ಒಣಗಿದ ಕಂದು ಬಣ್ಣದ ಕಲೆ ಹಾಗೇ ಇತ್ತು.

ಅದು ನಮ್ಮತ್ತೆಯ ಸೀರೆ. ಒಗೆಯದೇ ಬಿಟ್ಟ ಸೀರೆ. ನಮ್ಮತ್ತೆ ಒಂದು ಬಟ್ಟೆಯನ್ನು ಒಗೆಯದೇ ಬಿಟ್ಟರು ಅಂದರೆ ಅವರನ್ನು ಬಲ್ಲವರು ಯಾರೂ ನಂಬುವುದಿಲ್ಲ, ಅದಕ್ಕೇ ನಿಮಗೆ ಮೊದಲಿನಿಂದ ಹೇಳಬೇಕು.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಅವರು ಮೈಸೂರಿನಿಂದ ಆರು ತಿಂಗಳಿಗೆ ಅಂತ ಬಂದರು. ವಿಮಾನ ನಿಲ್ದಾಣದಿಂದ ಬಂದವರು ಕಾಫಿ ಕುಡಿಯುವ ಮೊದಲು ನಮ್ಮ ಅಡುಗೆಮನೆಯ ನಲ್ಲಿಯನ್ನು ತೊಳೆದರು. ನಲ್ಲಿಯಿಂದ ಬರುವ ನೀರಿನಿಂದ ನಲ್ಲಿಯನ್ನೇ ತೊಳೆಯುವುದು ನಾನು ಅದುವರೆಗೆ ನೋಡಿರಲಿಲ್ಲ. ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳದ ಜೊತೆಗೆ ಪಾತ್ರೆ ಉಜ್ಜುವ ತೆಂಗಿನ ನಾರು ತಂದಿದ್ದರು. ಈ ದೇಶದಲ್ಲಿ ಸಿಗಲ್ಲ ಅಂತ ಯಾರೋ ಹೆದರಿಸಿದ್ದರಂತೆ. ಡಿಶ್‌ವಾಷರ್ ತೋರಿಸಿದೆ. ಬಾಗಿಲು ಹಾಕ್ಕೊಂಡು ಒಳಗೇನು ಮಾಡತ್ತೋ ಯಾರಿಗೆ ಗೊತ್ತು ಅಂದವರು, ಅದರಿಂದ ಹೊರಬಂದ ಪಾತ್ರೆಗಳನ್ನೆಲ್ಲ ಮತ್ತೆ ಉಜ್ಜಿದರು. ನನಗೆ ಒಳಗೊಳಗೇ ಉರಿಯುತ್ತಿತ್ತು. ನಾನು ಒರೆಸಿದ ಕಟ್ಟೆಯನ್ನು ಅವರು ಇನ್ನೊಂದು ಸಲ ಒರೆಸಿದರೆ, ಒರೆಸಿದ್ದು ಕಟ್ಟೆಯನ್ನಲ್ಲ, ನನ್ನನ್ನೇ ಅಂತ ಅನಿಸುತ್ತಿತ್ತು.

ನನ್ನ ಮಗಳು ಚಿತ್ರಾ ಆಗ ಹೈಸ್ಕೂಲಿನಲ್ಲಿದ್ದಳು. ಅಜ್ಜಿಯನ್ನು ಫೋನಿನಲ್ಲಿ ಮಾತ್ರ ಬಲ್ಲವಳು. ಹಬ್ಬದ ದಿನ ಫೋನ್ ಕೈಗೆ ಕೊಟ್ಟರೆ, ಚೆನ್ನಾಗಿದೀನಿ ಅಜ್ಜಿ, ಊಟ ಆಯ್ತು ಅಜ್ಜಿ, ಅಷ್ಟೇ, ಮುಂದೆ ಇಬ್ಬರಿಗೂ ಮಾತಿಲ್ಲ. ಈ ಆರು ತಿಂಗಳಲ್ಲಾದರೂ ಇವರಿಬ್ಬರು ಹತ್ತಿರವಾಗಲಿ ಅಂತ ನಮ್ಮನೆಯವರಿಗೆ ತುಂಬಾ ಆಸೆಯಿತ್ತು. ಮತ್ತೆ ಯಾವಾಗ ಬರುತ್ತಾರೋ, ಬರುತ್ತಾರೋ ಇಲ್ಲವೋ. ಬಂದ ಹೊಸದರಲ್ಲಿ ಆ ಆಸೆಗೆ ಅರ್ಥವಿದ್ದಂತೆ ಕಾಣಲಿಲ್ಲ. ಅಜ್ಜಿ ಏನೋ ಕೇಳುವರು, ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು, ನಾನು ನಡುವೆ ಕೂತು ಭಾಷಾಂತರ ಮಾಡುತ್ತಾ ಸಾರು ಉಕ್ಕಿಸುತ್ತಿದ್ದೆ.

ಅವರನ್ನು ಹತ್ತಿರ ತಂದದ್ದು ಕೆಸರು. ಚಿತ್ರಾಳ ಬಯಾಲಜಿ ಟೀಚರು, ಕರಾವಳಿಯ ನೀರಿಗೆ ಯಾವುದರಿಂದ ಅಪಾಯ ಅನ್ನುವುದರ ಮೇಲೆ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಮಾಡಬೇಕು ಅಂದಿದ್ದರು. ಚೆನ್ನಾಗಿ ಮಾಡಿದವರು ನವೆಂಬರಿನಲ್ಲಿ ನಾರ್ತ್ ಕ್ಯಾರೊಲೈನಾದ ಸಮುದ್ರದಂಡೆಯ ಒಂದು ಲ್ಯಾಬಿಗೆ ಹೋಗಿ, ಅಲ್ಲಿನವರ ಮುಂದೆ ಅದನ್ನು ವಿವರಿಸಬಹುದು. ಹುಡುಗಿ ಆ ಕ್ಯಾರೊಲೈನಾದ ಮೇಲೆ ಮನಸ್ಸಿಟ್ಟುಬಿಟ್ಟಳು. ಚೆಸಪೀಕ್ ಕೊಲ್ಲಿಯ ಆಯ್‌ಸ್ಟರ್‌ಗಳನ್ನು ಆರಿಸಿಕೊಂಡಳು. ಆಯ್‌ಸ್ಟರ್ ಅಂದರೆ ನಮ್ಮ ಕಪ್ಪೆಚಿಪ್ಪಿನ ಜಾತಿ. ಮರಿಯಾಗಿದ್ದಾಗ ನೀರಿನಲ್ಲಿ ತೇಲಾಡುತ್ತವೆ, ಆಮೇಲೆ ಒಂದು ಗಟ್ಟಿ ಜಾಗ ಹುಡುಕಿ ಅಂಟಿಕೊಂಡರೆ ಮುಗಿಯಿತು, ಜೀವನಪೂರ್ತಿ ಅಲ್ಲೇ. ಅಂಟಿಕೊಳ್ಳಬೇಕಾದ ಜಾಗದ ಮೇಲೆ ಕೆಸರು ಕೂತಿದ್ದರೆ? ದಂಡೆಯುದ್ದಕ್ಕೂ ಹೊಸ ಮನೆಗಳನ್ನು ಕಟ್ಟಲು ನೆಲ ಅಗೆದು, ಮಳೆಗೆ ಆ ಮಣ್ಣೆಲ್ಲ ಕೊಲ್ಲಿಗೆ ಇಳಿಯುತ್ತಿದ್ದರೆ? ಇದು ಅವಳ ಪ್ರಶ್ನೆ. ನಾನೂ ಒಂದು ಹೊಸ ಮನೆಯಲ್ಲೇ ಕೂತು ಅದನ್ನು ಕೇಳಿಸಿಕೊಂಡೆ.

ವಿಧಾನ ಸುಲಭ. ಹೊಳಪಿಲ್ಲದ ಕೆಂಪು ಮಣ್ಣಿನ ಬಿಲ್ಲೆಗಳಿಗೆ ತೂತು ಕೊರೆದು, ಹಗ್ಗಕ್ಕೆ ಪೋಣಿಸಿ, ನೀರಿನ ಮೇಲೆ ಚಾಚಿಕೊಂಡ ಮರದ ಡಾಕಿನಿಂದ ಇಳಿಬಿಡುವುದು. ಮನೆ ಕಟ್ಟುತ್ತಿದ್ದ ದಂಡೆಯ ಹತ್ತಿರ ಕೆಲವು ಹಗ್ಗ, ಹುಲ್ಲು ಬೆಳೆದ ದಂಡೆಯ ಹತ್ತಿರ ಕೆಲವು. ಬೇಸಿಗೆ ಕಳೆದ ಮೇಲೆ ಎತ್ತಿ, ಯಾವ ಬಿಲ್ಲೆಯ ಮೇಲೆ ಎಷ್ಟು ಕೆಸರು, ಎಷ್ಟು ಮರಿ ಅಂತ ನೋಡುವುದು. ತೂತು ಕೊರೆಯುವಾಗ ಬಿಲ್ಲೆಗಳನ್ನು ಅಲುಗದಂತೆ ಹಿಡಿದುಕೊಂಡವರು ಅತ್ತೆ. ಪೋಣಿಸಿ ಗಂಟು ಹಾಕಿದವರೂ ಅತ್ತೆಯೇ. ಹೂ ಕಟ್ಟುವ ಗಂಟು ಅದು, ಎಳೆದಷ್ಟೂ ಬಿಗಿಯಾಗುತ್ತದೆ. ಚಿತ್ರಾ ಅದನ್ನು ಅಜ್ಜಿಯಿಂದ ಕಲಿತಳು. ನನಗೇ ಬಾರದ ಗಂಟು ನನ್ನ ಮಗಳಿಗೆ ಬಂತು.

ಶನಿವಾರ ಬಂದರೆ ಹಗ್ಗಗಳು ಸರಿಯಾಗಿವೆಯೇ ಅಂತ ನೋಡಿಕೊಂಡು ಬರಲು ಹೋಗುತ್ತಿದ್ದೆವು. ಎರಡು ಗಂಟೆಯ ದಾರಿ. ಮೊದಲ ಸಲ ಅತ್ತೆ ಚಪ್ಪಲಿಯನ್ನು ದಂಡೆಯಲ್ಲೇ ಬಿಟ್ಟು ಬರಿಗಾಲಲ್ಲಿ ಡಾಕಿನ ಮೇಲೆ ನಡೆದರು. ನೀರಿನ ಹತ್ತಿರ ಹೋಗುವಾಗ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನೇ ಅಂದರು. ಮರದ ಸೀಳು ಚುಚ್ಚುತ್ತದೆ ಅಂದರೂ ಕೇಳಲಿಲ್ಲ. ಎರಡನೆಯ ಶನಿವಾರ ನೋಡುತ್ತೇನೆ, ಚಿತ್ರಾಳ ಸ್ನೀಕರ್ಸೂ ಅಜ್ಜಿಯ ಚಪ್ಪಲಿಯ ಪಕ್ಕದಲ್ಲಿವೆ. ಇಬ್ಬರೂ ಡಾಕಿನ ತುದಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು ಮೊಸರನ್ನ ತಿನ್ನುತ್ತಾ ಮಾತಾಡುತ್ತಿದ್ದರು. ಅವಳ ಅರೆಬರೆ ಕನ್ನಡ, ಅವರ ಒಂದಕ್ಷರವಿಲ್ಲದ ಇಂಗ್ಲಿಷು, ಆದರೂ ನಗು ಕೇಳಿಸುತ್ತಿತ್ತು. ನನ್ನ ಭಾಷಾಂತರದ ಕೆಲಸ ಹೋಯಿತು. ಕೆಲಸ ಹೋದದ್ದಕ್ಕೆ ಅಷ್ಟೊಂದು ಸಂತೋಷಪಟ್ಟದ್ದು ಅದೊಂದೇ ಸಲ.

ನವರಾತ್ರಿ ಬಂತು. ಮೈಸೂರಿನವರಿಗೆ ಗೊಂಬೆ ಕೂರಿಸದೇ ನವರಾತ್ರಿಯಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲಾಗಿ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ, ಅತ್ತೆ ಊರಿನಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಪಟ್ಟದ ರಾಜ ರಾಣಿಯರನ್ನು ಮೇಲೆ ಕೂರಿಸಿದ್ದಾಯಿತು. ಕೆಳಗೆ ನೆಲದ ಮೇಲೆ ಪಾರ್ಕು ಮಾಡುವುದು ಪದ್ಧತಿ, ನಿಮಗೆ ಗೊತ್ತಲ್ಲ: ರಾಗಿ ಪೈರು, ಕನ್ನಡಿಯ ಕೊಳ, ಸುತ್ತ ಪ್ರಾಣಿಗಳು. ಅದನ್ನು ಅತ್ತೆ, ನಾನೊಬ್ಬಳೇ ಮಾಡುತ್ತೇನೆ, ಮೊಮ್ಮಗಳು ಸ್ಕೂಲಿನಿಂದ ಬಂದವಳು ನೋಡಿ ಬೆರಗಾಗಬೇಕು ಅಂದರು. ನಾನು ಕೆಲಸಕ್ಕೆ ಹೋದೆ.

ಸಂಜೆ ನಾನೂ ಚಿತ್ರಾಳೂ ಒಟ್ಟಿಗೇ ಮನೆಗೆ ಬಂದೆವು. ಗೊಂಬೆಗಳ ಕೆಳಗೆ ಒಂದು ಕಲ್ಯಾಣಿ ಕಟ್ಟಿದ್ದರು, ದೇವಸ್ಥಾನದ ಮುಂದಿರುತ್ತದಲ್ಲ, ಹಾಗೆ. ನಡುವೆ ಕನ್ನಡಿಯ ನೀರು, ನಾಲ್ಕು ಕಡೆಯಿಂದಲೂ ಇಳಿಯುವ ಮೆಟ್ಟಿಲು. ಮೆಟ್ಟಿಲಿಗೆ ಕೆಂಪು ಮಣ್ಣಿನ ಬಿಲ್ಲೆಗಳು, ಅಂಚಿಗೆ ಸಣ್ಣ ರಂಗೋಲಿ ಎಳೆ. ಸುಂದರವಾಗಿತ್ತು, ಸುಳ್ಳು ಹೇಳುವುದಿಲ್ಲ. ಎಷ್ಟು ಸುಂದರವಾಗಿತ್ತೆಂದರೆ ಅದು ಏನು ಅಂತ ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಹಿಂದಿನ ಶನಿವಾರ ಚಿತ್ರಾ ತನ್ನ ಅಪ್ಪನ ಜೊತೆ ಹೋಗಿ, ಮನೆ ಕಟ್ಟುವ ದಂಡೆಯ ಬಿಲ್ಲೆಗಳನ್ನು ಎತ್ತಿ ತಂದಿದ್ದಳು. ಕೆಸರು ಒಣಗಿದ ಮೇಲೆ ತೂಕ ಮಾಡುವುದಕ್ಕೆ ಅಂತ ಗರಾಜಿನಲ್ಲಿ ಪೇಪರಿನ ಮೇಲೆ ಹರಡಿದ್ದಳು. ಗೊಂಬೆಗೆ ಜಾಗ ಮಾಡುವ ಗಡಿಬಿಡಿಯಲ್ಲಿದ್ದ ಅಜ್ಜಿಗೆ, ಇದು ಹೀಗೇ ಇರಬೇಕು ಅಂತ ಯಾರೂ ಹೇಳಿರಲಿಲ್ಲ. ಪ್ರಾಜೆಕ್ಟ್ ಮುಗಿಯಿತು, ಬಿಲ್ಲೆ ಗಲೀಜಾಗಿದೆ ಅಂದುಕೊಂಡರು. ತೆಂಗಿನ ನಾರು ಹಾಕಿ, ಹುಣಿಸೆಹಣ್ಣು ಹಚ್ಚಿ, ಒಂದೊಂದನ್ನೂ ಉಜ್ಜಿ ಉಜ್ಜಿ ತೊಳೆದಿದ್ದರು. ಅವಳು ಅಳೆಯಬೇಕಾಗಿದ್ದದ್ದೇ ಆ ಗಲೀಜು.

ಚಿತ್ರಾ ಕಿರುಚಲಿಲ್ಲ. ಒಂದು ಬಿಲ್ಲೆ ಎತ್ತಿ ತಿರುಗಿಸಿ ನೋಡಿದಳು. ಅತ್ತೆ ನಗುತ್ತಾ, ಎಷ್ಟು ಅಂಟಿಕೊಂಡಿತ್ತು ಗೊತ್ತಾ ಮಗು, ಚಿಕ್ಕಚಿಕ್ಕ ಚುಕ್ಕಿ, ಉಗುರು ಹಾಕಿ ಕೆರೆದೆ ಅಂದರು. ಆಗ ಹುಡುಗಿ ಅಂದದ್ದು ಇಷ್ಟೇ.

“ದೇ ವರ್ ಬೇಬೀಸ್, ಅಜ್ಜಿ. ಅದು ಪಾಪುಗಳು.”

ಹೇಳಿ, ಬಿಲ್ಲೆಯನ್ನು ಕಲ್ಯಾಣಿಯಲ್ಲಿ ಅದರ ಜಾಗಕ್ಕೇ ಇಟ್ಟು, ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ನನ್ನ ಕಡೆ ತಿರುಗಿ, ಅವಕ್ಕೆ ಜೀವ ಇತ್ತೇನೇ ಅಂತ ಕೇಳಿದರು. ಇರುವೆ ತಿನ್ನಲಿ ಅಂತ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕುವ ಹೆಂಗಸು. ನೀರಿನಿಂದ ತೆಗೆದ ಮೇಲೆ ಅವು ಹೇಗೂ ಸಾಯುತ್ತಿದ್ದವು ಅತ್ತೆ, ನಿಮ್ಮ ಮೊಮ್ಮಗಳೇ ಒಣಗಿಸುವುದಕ್ಕೆ ಇಟ್ಟಿದ್ದಳಲ್ಲ ಅಂದೆ. ಅದು ಅವರ ಕಿವಿಗೆ ಬೀಳಲಿಲ್ಲ. ಆ ರಾತ್ರಿ ಅವರು ಊಟಕ್ಕೆ ಕೂರಲಿಲ್ಲ.

ಕೊನೆಯ ದಿನ ಗೊಂಬೆ ಮಲಗಿಸುವ ತನಕ ಏನನ್ನೂ ಕದಲಿಸುವ ಹಾಗಿಲ್ಲವಲ್ಲ, ಆ ಕಲ್ಯಾಣಿ ಹಬ್ಬವಿಡೀ ಅಲ್ಲೇ ಇತ್ತು. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಬಾಯಿತುಂಬಾ ಹೊಗಳುವರು, ಅತ್ತೆ ಒಳಗೆ ಹೋಗಿಬಿಡುವರು. ಚಿತ್ರಾ ಅಜ್ಜಿಯ ಜೊತೆ ಮಾತು ಬಿಟ್ಟಳು. ಜಗಳವಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಮತ್ತೆ ಆ ಹಳೆಯ ಫೋನಿನ ಮಾತು. ಮತ್ತು ಅತ್ತೆ ತೊಳೆಯುವುದನ್ನು ನಿಲ್ಲಿಸಿದರು. ತಾವು ಕುಡಿದ ಕಾಫಿಯ ಲೋಟವನ್ನು ಸಿಂಕಿನಲ್ಲಿಟ್ಟು, ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಹಾಗೇ ಬಂದುಬಿಡುವರು. ನಾನು ಒರೆಸಿದ ಕಟ್ಟೆ ಒರೆಸಿದ ಹಾಗೇ ಇರುತ್ತಿತ್ತು. ಎಷ್ಟು ತಿಂಗಳಿಂದ ನಾನು ಬೇಡಿಕೊಂಡದ್ದು ಇದೇ ತಾನೇ? ಸಿಕ್ಕಿದಾಗ ನನಗೆ ಆ ಅಡುಗೆಮನೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಅವರು ಊರಿಗೆ ಹೊರಡುವ ದಿನ ಹತ್ತಿರ ಬರುತ್ತಿತ್ತು. ಹೀಗೇ ಹೋಗಿಬಿಟ್ಟರೆ ಅಂತ ನಮ್ಮನೆಯವರು ನನ್ನನ್ನು ಕೇಳುವರು, ನಾನು ಅವರನ್ನು ಕೇಳುವೆ.

ಪ್ರಾಜೆಕ್ಟಿನ ಕಥೆ ಪೂರ್ತಿ ಮುಗಿದಿರಲಿಲ್ಲ. ಮನೆ ಕಟ್ಟುವ ದಂಡೆಯಲ್ಲಿ ಒಂದು ಹಗ್ಗ ಡಾಕಿನ ಕಂಬಕ್ಕೆ ಸಿಕ್ಕಿಕೊಂಡು, ಉಳಿದವನ್ನು ಎತ್ತಿದ ದಿನ ಮೇಲೆ ಬಂದಿರಲಿಲ್ಲ. ಇನ್ನು ಅದೊಂದೇ ಗತಿ. ಗೊಂಬೆ ಮಲಗಿಸಿದ ಮೇಲಿನ ಶನಿವಾರ ಎಲ್ಲರೂ ಹೊರಟೆವು. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ಆದರೆ ಸ್ನಾನ ಮಾಡಿ ಮಡಿಸೀರೆ ಉಟ್ಟು ಕಾರಿನಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದರು. ಹುಲ್ಲಿನ ದಂಡೆಯ ಬಿಲ್ಲೆಗಳು ಸುಲಭವಾಗಿ ಬಂದವು, ತೆಳ್ಳಗೆ ಕೆಸರು, ಮೇಲೆಲ್ಲ ಮರಿಗಳು. ಆಮೇಲೆ ಮನೆ ಕಟ್ಟುವ ಕಡೆ ಬಂದು ನಮ್ಮನೆಯವರು ಪ್ಯಾಂಟು ಮಡಚಿಕೊಂಡು ನೀರಿಗಿಳಿದು, ಒದ್ದಾಡಿ, ಸಿಕ್ಕಿಕೊಂಡಿದ್ದ ಹಗ್ಗವನ್ನು ಬಿಡಿಸಿದರು. ಗಂಟು ಮಾತ್ರ ಒಂದೂ ಸಡಿಲವಾಗಿರಲಿಲ್ಲ. ಮೇಲೆ ಬಂದ ಬಿಲ್ಲೆಗಳ ಮೇಲೆ ದಪ್ಪನೆಯ ಕೆಸರು, ಅಲ್ಲೊಂದು ಇಲ್ಲೊಂದು ಚುಕ್ಕಿ.

ಅವನ್ನು ಕಾರಿನ ಟ್ರಂಕಿನಲ್ಲಿಟ್ಟರೆ ಕುಲುಕಾಟಕ್ಕೆ ಕೆಸರು ಜಾರಿಹೋಗುತ್ತದೆ. ಒಂದು ತಟ್ಟೆಯನ್ನು ಚಿತ್ರಾ ತನ್ನ ತೊಡೆಯ ಮೇಲಿಟ್ಟುಕೊಂಡಳು. ಇನ್ನೊಂದಕ್ಕೆ ಇನ್ನೊಂದು ಮಡಿಲು ಬೇಕಿತ್ತು. ನಾನು ಮುಂದಿನ ಸೀಟಿನಿಂದ ಕೈ ಚಾಚಿದ್ದೆ. ಅವಳು ನನ್ನನ್ನು ಬಿಟ್ಟು ಪಕ್ಕಕ್ಕೆ ತಿರುಗಿದಳು.

“ಅಜ್ಜಿ, ಇದು ನೀನು ಹಿಡ್ಕೋ. ತೊಳೀಬೇಡ, ಓಕೆ?”

“ಇಲ್ಲ ಮಗು, ತೊಳಿಯಲ್ಲ.”

ಒಂದು ಕಾಗೆ ಮೇಲೆ ಹಾರಿದರೂ ಒಣಗಲು ಹಾಕಿದ ಬಟ್ಟೆಯನ್ನು ಮತ್ತೆ ಜಾಲಿಸುವ ಹೆಂಗಸು ಆ ಕೊಳೆತ ವಾಸನೆಯ ಕೆಸರನ್ನು ಮಡಿಸೀರೆಯ ಮಡಿಲಿನಲ್ಲಿ ಇಟ್ಟುಕೊಂಡರು. ಒಂದು ಕೈ ತಟ್ಟೆಯ ಅಂಚಿಗೆ, ಇನ್ನೊಂದು ಕೈ ಅಡಿಗೆ. ಈ ಸಲ ಮರಿಗಳು ಒಣಗಬಾರದು ಅಂತ ಚಿತ್ರಾ ಹೇಳಿದ್ದಕ್ಕೆ, ಆಗಾಗ ಅಂಚಿನ ಕೈ ತೆಗೆದು ಬಾಟಲಿಯಿಂದ ಕೊಲ್ಲಿಯ ನೀರನ್ನು ಹನಿಹನಿ ಬಿಡುತ್ತಿದ್ದರು. ಅದೆಲ್ಲ ಸೋರಿ ಸೀರೆಗೆ ಇಳಿಯುತ್ತಿತ್ತು. ತಿರುವಿನಲ್ಲಿ ಕಾರು ಸ್ವಲ್ಪ ವಾಲಿದಾಗ ಮಗನಿಗೆ ಅಂದರು: “ನಿಧಾನ ಓಡ್ಸೋ, ಮಣ್ಣು ಉದುರತ್ತೆ.” ನಾನು ತಿರುಗಿ ನೋಡಿದಾಗ ಚಿತ್ರಾ ತನ್ನ ತಟ್ಟೆ ಹಿಡಿದುಕೊಂಡೇ ಅಜ್ಜಿಯ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅತ್ತೆ ಹೆಗಲನ್ನೂ ಅಲುಗಿಸುವಂತಿಲ್ಲ, ತಟ್ಟೆಯನ್ನೂ ಅಲುಗಿಸುವಂತಿಲ್ಲ, ಹಾಗೇ ಕಲ್ಲಿನಂತೆ ಕೂತಿದ್ದರು. ನಾನು ಅವರನ್ನು ಪ್ರೀತಿಸಲು ಶುರುಮಾಡಿದ್ದು ಯಾವಾಗ ಅಂತ ಯಾರಾದರೂ ಕೇಳಿದರೆ ಆ ದಾರಿಯನ್ನೇ ತೋರಿಸುತ್ತೇನೆ.

ಮರಿಗಳನ್ನು ಎಣಿಸಿ, ಕೆಸರನ್ನು ಕೆರೆದು ಬೇರೆ ಇಟ್ಟು, ಬಿಲ್ಲೆಗಳನ್ನು ಮತ್ತೆ ಅದೇ ನೀರಿಗೆ ಇಳಿಬಿಟ್ಟು ಬಂದೆವು. ಅದು ಅತ್ತೆಯ ಷರತ್ತು. ಟೀಚರ್ ಕೂಡ ಒಪ್ಪಿದರು.

ನವೆಂಬರಿನಲ್ಲಿ ಕ್ಯಾರೊಲೈನಾಕ್ಕೆ ಕರೆ ಬಂತು. ದಕ್ಷಿಣಕ್ಕೆ ಇಡೀ ದಿನದ ದಾರಿ, ಚಿತ್ರಾನ್ನ, ಚಪಾತಿ, ಅತ್ತೆ, ಎಲ್ಲ ಸಮೇತ. ಸಮುದ್ರದ ಪಕ್ಕದ ಆ ಲ್ಯಾಬಿನ ಹಾಲಿನಲ್ಲಿ ಮಕ್ಕಳು ತಮ್ಮ ತಮ್ಮ ಮೇಜಿನ ಹಿಂದೆ ನಿಂತಿದ್ದರು. ಒಬ್ಬ ಹುಡುಗ ಆಮೆಗಳ ಬಗ್ಗೆ, ಇನ್ನೊಬ್ಬಳು ಹಂದಿ ಸಾಕುವ ಕಡೆಯಿಂದ ಹರಿದುಬರುವ ಹೊಲಸಿನ ಬಗ್ಗೆ. ಚಿತ್ರಾಳ ಮೇಜಿಗೆ ಬಂದ ಹಿರಿಯರೊಬ್ಬರು ಎಲ್ಲ ನೋಡಿ, ಈ ದಂಡೆಯ ಬಿಲ್ಲೆಗಳು ಇಷ್ಟು ಕಡಿಮೆ ಯಾಕೆ, ಉಳಿದವು ಏನಾದವು ಅಂತ ಕೇಳಿದರು. ನಾನು ಅತ್ತೆಯ ಪಕ್ಕದಲ್ಲಿದ್ದೆ. ಚಿತ್ರಾ ಅವರಿಗೆ ಏನೋ ಹೇಳಿದಳು. ಅವರು ನಮ್ಮ ಕಡೆ ತಿರುಗಿ ಅತ್ತೆಗೆ ತಲೆಬಾಗಿ ಮುಗುಳ್ನಕ್ಕರು.

ಗ್ರ್ಯಾಂಡ್‌ಮದರ್ ಅನ್ನುವ ಒಂದು ಶಬ್ದ ಅತ್ತೆಗೆ ಗೊತ್ತಿತ್ತು. ಏನಂದಳೇ ಅಂತ ನನ್ನ ಕೈ ಹಿಡಿದುಕೊಂಡು ಕೇಳಿದರು. ಹೋದ ಕೆಲಸ ನನಗೆ ಮತ್ತೆ ಬಂದಿತ್ತು. ನಾನು ಅವಳು ಹೇಳಿದ್ದನ್ನು ಹಾಗೇ ಕನ್ನಡದಲ್ಲಿ ಹೇಳಿದೆ.

“ನಮ್ಮಜ್ಜಿ ಅದನ್ನು ತೊಳೆದರು. ತಪ್ಪು ನನ್ನದು. ಅದು ಏನು ಅಂತ ನಾನು ಅವರಿಗೆ ಹೇಳಿರಲಿಲ್ಲ. ಉಳಿದದ್ದನ್ನು ಅವರೇ ಮಡಿಲಲ್ಲಿ ಹೊತ್ತು ತಂದರು.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಹಿಂದೆಯೇ ಹೋದರೆ, ಮರಳಿನ ಮೇಲೆ ನಿಂತು ಸಮುದ್ರ ನೋಡುತ್ತಾ ಅಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಸಮಾಧಾನವಾಗಿ, ಕಾಲಿಗೆಲ್ಲ ಮರಳಾಯ್ತು, ತೊಳ್ಕೊಳ್ಳಕ್ಕೆ ನಲ್ಲಿ ಎಲ್ಲಿದೆ ನೋಡೇ ಅಂದರು. ಅಬ್ಬ, ಬದುಕಿದೆ ಅನಿಸಿತು ನನಗೆ. ಚಿತ್ರಾಳಿಗೆ ಬಹುಮಾನ ಬರಲಿಲ್ಲ. ಅದನ್ನು ಅವಳು ಗಮನಿಸಿದ ಹಾಗೂ ಕಾಣಲಿಲ್ಲ.

ಅತ್ತೆ ಹೊರಡುವ ಹಿಂದಿನ ದಿನ ಮನೆಯಲ್ಲಿ ಒಂದು ಚಮಚವನ್ನೂ ಬಿಡದೆ ತೊಳೆದರು. ನನ್ನ ಕಟ್ಟೆಯನ್ನು ಎರಡು ಸಲ ಒರೆಸಿದರು, ನಾನು ನೋಡುತ್ತಾ ನಿಂತಿದ್ದೆ. ಆ ಕೆಸರಿನ ಸೀರೆಯನ್ನು ಮಾತ್ರ ಮಡಿಸಿ ಕವರಿಗೆ ಹಾಕಿ ಕಪಾಟಿನಲ್ಲಿಟ್ಟರು. ಕೊಡಿ, ಮಷೀನಿಗೆ ಹಾಕುತ್ತೇನೆ ಅಂದೆ. “ಬೇಡ ಕಣೇ, ಹಾಗೇ ಇರಲಿ. ಮುಂದಿನ ಸಲ ಬಂದಾಗ ನಾನೇ ಒಗೀತೀನಿ,” ಅಂದರು.

ಮುಂದಿನ ಸಲ ಬರಲಿಲ್ಲ. ಮಂಡಿನೋವು, ಆಮೇಲೆ ಹೃದಯ, ಆಮೇಲೆ ಒಂದು ಬೆಳಿಗ್ಗೆ ಫೋನು. ಚಿತ್ರಾ ಈಗ ಕ್ಯಾರೊಲೈನಾದ ಆ ಕರಾವಳಿಯಲ್ಲೇ ಇದ್ದಾಳೆ. ತನ್ನ ವಿದ್ಯಾರ್ಥಿಗಳಿಗೆ ಬಿಲ್ಲೆ ಪೋಣಿಸುವುದನ್ನು ಕಲಿಸುವಾಗ ಹೂ ಕಟ್ಟುವ ಗಂಟನ್ನೇ ಕಲಿಸುತ್ತಾಳಂತೆ, ಅವರು ಅದನ್ನು ಅಜ್ಜಿ ನಾಟ್ ಅನ್ನುತ್ತಾರಂತೆ. ನಾನೋ, ನೋಡಿದಿರಲ್ಲ, ಒಗೆಯದೇ ಏನನ್ನೂ ಬಿಡದವಳಾಗಿದ್ದೇನೆ. ಯಾರ ಸೊಸೆ? ಇಂದು ಸಾಯಂಕಾಲ ಕೊನೆಯ ಪೆಟ್ಟಿಗೆಗಳನ್ನು ಕಾರಿನ ಟ್ರಂಕಿಗೆ ತುಂಬಿಸಿ, ನಮ್ಮನೆಯವರು ನನ್ನ ಕೈಯಲ್ಲಿದ್ದ ಕವರನ್ನೂ ಕೇಳಿದರು. ಕೊಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಸೀರೆಯನ್ನು ಕವರಿನಿಂದ ತೆಗೆದು, ಕಲೆ ಮೇಲೆ ಬರುವಂತೆ ಮಡಿಲಿನಲ್ಲಿಟ್ಟುಕೊಂಡೆ. ಅವರು ಕಾರು ಹಿಂದೆ ತೆಗೆದು ರಸ್ತೆಗೆ ಹೊರಳಿಸುವಾಗ ಅಂದೆ, “ನಿಧಾನ ಓಡ್ಸಿ. ಮಣ್ಣು ಉದುರತ್ತೆ.”

ಅವರು ನನ್ನ ಮಡಿಲು ನೋಡಿದರು. ಆಶ್‌ಬರ್ನಿನ ತನಕ ಕಾರನ್ನು ಎಲ್ಲೂ ಕುಲುಕಿಸಲಿಲ್ಲ.